ಗೋಡೆ ತುಂಬ ಚಿತ್ರ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೋಫಾ ಹಿಂದಿನ ಗೋಡೆಗೆ ಬೇರೆ ಬೇರೆ ಅಳತೆಯ ಹನ್ನೊಂದು ಚಿತ್ರ, ಫೋಟೊ ಹಾಕಿದ್ದೇವೆ. ಬಿಡಿಬಿಡಿಯಾಗಿ ಎಲ್ಲವೂ ಚೆನ್ನ. ಒಟ್ಟಿಗೆ ನೋಡಿದರೆ ಚೆಲ್ಲಾಪಿಲ್ಲಿ. ಎಲ್ಲಿ ತಪ್ಪಿದೆ?

ಉತ್ತರ: ಟೇಪು ಹಿಡಿದು ಚಿತ್ರಗಳ ನಡುವಿನ ಜಾಗ ಅಳೆದು ನೋಡಿ. ಒಂದು ಕಡೆ 2 ಇಂಚು, ಇನ್ನೊಂದು ಕಡೆ 6 ಇಂಚು ಬಂದರೆ ತಪ್ಪು ಅಲ್ಲೇ ಇದೆ. ಫ್ರೇಮಿನ ಅಳತೆ, ಬಣ್ಣ ಎಷ್ಟೇ ಬೇರೆಯಿದ್ದರೂ ಕಣ್ಣು ಒಪ್ಪಿಕೊಳ್ಳುತ್ತದೆ, ಅಂತರ ಏರುಪೇರಾದರೆ ಒಪ್ಪುವುದಿಲ್ಲ. 2ರಿಂದ 3 ಇಂಚಿನೊಳಗೆ ಒಂದು ಅಂತರ ಆರಿಸಿಕೊಂಡು ಅಡ್ಡಕ್ಕೂ ಉದ್ದಕ್ಕೂ ಅದನ್ನೇ ಪಾಲಿಸಿ.

ಎರಡನೆಯದು ಎತ್ತರ. ಚಿತ್ರದ ನಡುಬಿಂದು ನೆಲದಿಂದ 57 ಇಂಚಿನಷ್ಟು ಮೇಲಿರಬೇಕೆಂಬ ಲೆಕ್ಕ ಗ್ಯಾಲರಿಗಳಲ್ಲಿ ಬಳಕೆಯಲ್ಲಿದೆ, ನಿಂತವರ ಕಣ್ಣಿನ ಮಟ್ಟಕ್ಕೆ ಅದು ಹೊಂದುತ್ತದೆ. ಗುಂಪಿನಲ್ಲಿ ತೂಗುಹಾಕುವಾಗ ಈ ಅಳತೆ ಒಂದೊಂದು ಚಿತ್ರಕ್ಕಲ್ಲ, ಇಡೀ ಗುಂಪಿಗೆ. ಗುಂಪಿನ ಎತ್ತರ 40 ಇಂಚಾದರೆ ಮೇಲಂಚು 77ಕ್ಕೆ, ಕೆಳಅಂಚು 37ಕ್ಕೆ ಬರುತ್ತದೆ. ಆದರೆ ನಿಮ್ಮಲ್ಲಿ ಸೋಫಾ ಇದೆ, ಹಾಗಾಗಿ ಸೋಫಾದ ಮಾತೇ ನಡೆಯಬೇಕು: ಒರಗುವ ಭಾಗದ ಮೇಲಂಚಿನಿಂದ 6ರಿಂದ 8 ಇಂಚು ಬಿಟ್ಟು ಕೆಳಸಾಲು ಶುರುಮಾಡಿ. ಇದಕ್ಕಿಂತ ಮೇಲೆ ಹೋದರೆ ಚಿತ್ರಗಳು ಬೇರೆ, ಸೋಫಾ ಬೇರೆ ಎನ್ನುವಂತಾಗುತ್ತದೆ. ಗುಂಪಿನ ಅಗಲ ಸೋಫಾದ ಮೂರನೇ ಎರಡು ಭಾಗದಷ್ಟಿರಲಿ, 72 ಇಂಚಿನ ಸೋಫಾಕ್ಕೆ ಸುಮಾರು 48 ಇಂಚು.

ಎಲ್ಲವನ್ನೂ ಇಳಿಸಿ, ಮಾಸ್ಕಿಂಗ್ ಟೇಪಿನಿಂದ ನೆಲದ ಮೇಲೆ ಗುಂಪಿನಷ್ಟೇ ಅಳತೆಯ ಚೌಕ ಮಾಡಿ ಅದರೊಳಗೆ ಜೋಡಿಸಿ. ಎಲ್ಲಕ್ಕಿಂತ ದೊಡ್ಡ ಚಿತ್ರ ನಟ್ಟನಡುವೆ ಬೇಡ, ತುಸು ಎಡಕ್ಕೋ ಬಲಕ್ಕೋ, ತುಸು ಕೆಳಗೆ ಇರಲಿ. ಮಿಕ್ಕವು ಅದರ ಸುತ್ತ ಬೆಳೆಯಲಿ. ಕುರ್ಚಿ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿ. ಬಣ್ಣ ಹೋದ ಕೂಡಲೇ ಗಾಢವಾದವೆಲ್ಲ ಯಾವ ಮೂಲೆಯಲ್ಲಿ ಗುಂಪುಗೂಡಿವೆ ಎಂಬುದು ಎದ್ದು ಕಾಣುತ್ತದೆ. ಅವನ್ನು ಚದುರಿಸಿದರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಎಷ್ಟು ಅಳೆದು ಮೊಳೆ ಹೊಡೆದರೂ ಚಿತ್ರ ಒಂದಿಂಚು ಮೇಲೆ ಕೆಳಗೆ ಆಗುತ್ತದೆ. ಗೋಡೆ ಪೂರ್ತಿ ತೂತು!

ಉತ್ತರ: ಫ್ರೇಮಿನ ಮೇಲಂಚನ್ನು ಅಳೆಯುತ್ತೀರಿ, ಆದರೆ ಭಾರ ಬೀಳುವುದು ಹಿಂದಿನ ತಂತಿಯ ಮೇಲೆ. ತಂತಿಯ ನಡುವೆ ಬೆರಳು ಕೊಟ್ಟು, ನೇತುಹಾಕಿದಂತೆಯೇ ಬಿಗಿಯಾಗಿ ಎಳೆದು, ಅಲ್ಲಿಂದ ಮೇಲಂಚಿಗೆ ಎಷ್ಟಿದೆ ಅಳೆಯಿರಿ. 16 ಇಂಚು ಎತ್ತರದ ಒಂಟಿ ಚಿತ್ರವನ್ನು 57ರ ಲೆಕ್ಕದಲ್ಲಿ ಹಾಕುವುದಾದರೆ ಮೇಲಂಚು 65ಕ್ಕೆ ಬರಬೇಕು. ಎಳೆದ ತಂತಿ 2 ಇಂಚು ಕೆಳಗಿದ್ದರೆ ಕೊಕ್ಕೆ 63ಕ್ಕೆ.

ಗುಂಪಿಗಾದರೆ ಹಳೆಯ ಪತ್ರಿಕೆಯೇ ಸಾಕು. ಪ್ರತಿ ಫ್ರೇಮಿನ ಅಳತೆಗೆ ಕಾಗದ ಕತ್ತರಿಸಿ, ಕೊಕ್ಕೆಯ ಜಾಗದಲ್ಲಿ ಗುರುತು ಹಾಕಿ, ಹೆಸರು ಬರೆದು, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ. ಎರಡು ದಿನ ಹಾಗೇ ಬಿಡಿ, ಓಡಾಡುವಾಗ ಕಣ್ಣಿಗೆ ಚುಚ್ಚುವುದನ್ನು ಸರಿಸಿ. ಒಪ್ಪಿಗೆಯಾದ ಮೇಲೆ ಕಾಗದದ ಮೇಲಿನ ಗುರುತಿಗೇ ತೂತು ಹೊಡೆದು, ಕಾಗದ ಹರಿದು ತೆಗೆಯಿರಿ. ಫ್ರೇಮು ಪದೇಪದೇ ವಾಲುತ್ತಿದ್ದರೆ ಒಂದರ ಬದಲು ಎರಡು ಕೊಕ್ಕೆ ಹಾಕಿ, ರಸಮಟ್ಟ ಇಟ್ಟು ನೋಡಿ, ಕೆಳಗಿನ ಎರಡು ಮೂಲೆಗಳ ಹಿಂದೆ ರಬ್ಬರ್ ಗುಂಡಿ ಅಂಟಿಸಿ.

ಪ್ರಶ್ನೆ: ಡ್ರಿಲ್ ಮಾಡಿದರೆ ಗಾರೆ ಪುಡಿಪುಡಿಯಾಗಿ ಉದುರಿ ತೂತು ದೊಡ್ಡದಾಗುತ್ತದೆ. ಸ್ಕ್ರೂ ಹಿಡಿಯಲು ಹಾಕುವ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ.

ಉತ್ತರ: ಪ್ಲಗ್ ಗಾರೆಯಲ್ಲೇ ನಿಂತಿದೆ, ಇಟ್ಟಿಗೆಯವರೆಗೆ ಹೋಗಿಲ್ಲ. ಒಳಗೋಡೆಯ ಗಾರೆ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ದಪ್ಪ. 30 ಮಿ.ಮೀ. ಉದ್ದದ ಪ್ಲಗ್ಗಿಗೆ 40 ಮಿ.ಮೀ. ಆಳ ಕೊರೆಯಿರಿ. ಆಳ ತಿಳಿಯಲು ಡ್ರಿಲ್ಲಿನ ಬಿಟ್‌ಗೆ (ಕೊರೆಯುವ ಕಡ್ಡಿಗೆ) ಆ ಅಳತೆಯಲ್ಲಿ ಟೇಪು ಸುತ್ತಿ. ಜಾಗಕ್ಕೆ ಮಾಸ್ಕಿಂಗ್ ಟೇಪು ಹಚ್ಚಿ, ಮೊದಲು 4 ಮಿ.ಮೀ. ಬಿಟ್‌ನಲ್ಲಿ, ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತಾ ಕೊರೆಯುವ ವ್ಯವಸ್ಥೆ) ಆಫ್ ಮಾಡಿ ಶುರುಮಾಡಿ. ಗಾರೆ ದಾಟಿದ ಮೇಲೆ 6 ಮಿ.ಮೀ. ಬಿಟ್ ಹಾಕಿ ಹ್ಯಾಮರ್ ಆನ್ ಮಾಡಿ. ಶುರುವಿನಲ್ಲೇ ಹ್ಯಾಮರ್ ಕೊಟ್ಟರೆ ಬಿಟ್ ಜಾರುತ್ತದೆ, ಅಂಚು ಒಡೆಯುತ್ತದೆ. ತೂತಿನ ಧೂಳು ಊದಿ ತೆಗೆಯದಿದ್ದರೆ ಪ್ಲಗ್ ಪೂರ್ತಿ ಒಳಗೆ ಹೋಗುವುದಿಲ್ಲ. ಈಗಾಗಲೇ ದೊಡ್ಡದಾಗಿರುವ ತೂತಿಗೆ 8 ಮಿ.ಮೀ. ದಪ್ಪದ ಪ್ಲಗ್ ಹಾಕಿ, ಅದೂ ಸಡಿಲವಾದರೆ ತುಂಬಿ ಮುಚ್ಚಿ ಬೇರೆ ಜಾಗ ನೋಡಿ.

ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅದೇ ಮಟ್ಟದ ಅಕ್ಕಪಕ್ಕದಲ್ಲಿ ಎಂದೂ ಕೊರೆಯಬೇಡಿ. ವೈರಿನ ಪೈಪು ಹೋಗಿರುವ ದಾರಿ ಅದು.

ಪ್ರಶ್ನೆ: ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಅಂಟುಪಟ್ಟಿ ಹಾಕಿದ ಚಿತ್ರ ಬಣ್ಣದ ಸಮೇತ ಬಿತ್ತು.

ಉತ್ತರ: ಪಟ್ಟಿ ಬಣ್ಣವನ್ನು ಹಿಡಿದಿತ್ತು, ಬಣ್ಣ ಗೋಡೆಯನ್ನು ಹಿಡಿದಿರಲಿಲ್ಲ. ಕಪ್ಪು ಬಟ್ಟೆಯಿಂದ ಗೋಡೆ ಉಜ್ಜಿ, ಬಿಳಿ ಪುಡಿ ಬಂದರೆ ಅದು ಅಂಟುಪಟ್ಟಿಯ ಗೋಡೆಯಲ್ಲ. ಪುಡಿ ಬರದಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿದ ಮೇಲೆ ಪಟ್ಟಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ತೂಗುಹಾಕಿ. ಪೊಟ್ಟಣದ ಮೇಲಿರುವ ತೂಕದ ಮಿತಿಗಿಂತ ಕಡಿಮೆಯೇ ಇರಲಿ. 2 ಮಿ.ಮೀ. ಗಾಜು ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ, ಅಷ್ಟೇ ದಪ್ಪದ ಆಕ್ರಿಲಿಕ್ ಹಾಳೆ ಅದರ ಅರ್ಧಕ್ಕೂ ಕಡಿಮೆ. ಹಾಸಿಗೆಯ ತಲೆಭಾಗದ ಮೇಲೆ ಅಂಟುಪಟ್ಟಿಯನ್ನು ನಂಬಲೇಬೇಡಿ. ಎಲ್ಲಕ್ಕಿಂತ ನೆಮ್ಮದಿಯ ದಾರಿ, ಉದ್ದದ ಬೆಂಚು ಅಥವಾ ಗಿಡ್ಡ ಕಪಾಟಿನ ಮೇಲೆ ಫ್ರೇಮುಗಳನ್ನು ಒಂದರ ಹಿಂದೊಂದು ಒರಗಿಸಿಡುವುದು.

ಪ್ರಶ್ನೆ: ಕಪ್ಪುಬಿಳುಪು ಕುಟುಂಬದ ಫೋಟೊ, ಮಕ್ಕಳ ಬಣ್ಣದ ಚಿತ್ರ ಒಟ್ಟಿಗೆ ಹಾಕಬಹುದೇ?

ಉತ್ತರ: ಧಾರಾಳವಾಗಿ. ಫ್ರೇಮಿನ ಬಣ್ಣ ಒಂದೇ ಇರಲಿ, ಅಥವಾ ಎಲ್ಲಕ್ಕೂ ಒಂದೇ ಬಿಳಿಯ ಮೌಂಟ್ (ಫ್ರೇಮಿನೊಳಗೆ ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು) ಹಾಕಿಸಿ. ಎರಡರಲ್ಲಿ ಒಂದು ಸಾಕು.

ಪ್ರಶ್ನೆ: ಹಳೆಯ ಫೋಟೊ ಫ್ರೇಮಿನ ಗಾಜಿಗೇ ಅಂಟಿಕೊಂಡಿದೆ. ಬಿಡಿಸುವುದು ಹೇಗೆ?

ಉತ್ತರ: ಎಳೆಯಬೇಡಿ, ನೀರು ಹಾಕಬೇಡಿ. ಫೋಟೊ ಕಾಗದದ ಮೇಲಿನ ಜಿಲೆಟಿನ್ ಪದರ ತೇವಕ್ಕೆ ಮೆದುವಾಗಿ ಗಾಜು ಹಿಡಿದಿದೆ, ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಪ್ರತಿ ತೆಗೆಸಿ. 10x8 ಇಂಚಿನ ಪ್ರತಿಗೆ ಇಂಚಿಗೆ 300 ಚುಕ್ಕಿಯಂತೆ 3000x2400 ಪಿಕ್ಸೆಲ್ ಬೇಕು. ಮೂಲ ಫೋಟೊ ಬೇಕೇಬೇಕೆಂದಿದ್ದರೆ ಛಾಯಾಚಿತ್ರ ಸಂರಕ್ಷಣೆಯ ಪರಿಣತರಿಗೆ ಕೊಡಿ.

ಹೊಸ ಫ್ರೇಮಿನಲ್ಲಿ ಫೋಟೊ ಮತ್ತು ಗಾಜಿನ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇರಲೇಬೇಕು. 6x4 ಫೋಟೊಗೆ ಮೌಂಟಿನ ಕಿಟಕಿಯನ್ನು ನಾಲ್ಕೂ ಕಡೆ ಕಾಲಿಂಚಿನ ಅರ್ಧದಷ್ಟು ಒಳಗೆ, ಅಂದರೆ 5.75x3.75ಕ್ಕೆ ಕತ್ತರಿಸಿ. ಸ್ನಾನದಮನೆಗೆ ಅಂಟಿದ ಗೋಡೆ, ಮಳೆ ಬಡಿಯುವ ಹೊರಗೋಡೆ ಎರಡನ್ನೂ ಬಿಟ್ಟುಬಿಡಿ. ನೇರ ಬಿಸಿಲು ಬೀಳುವ ಗೋಡೆಯೂ ಬೇಡ, ಬಣ್ಣ ಮಾಸುತ್ತದೆ. ಅಲ್ಲಿ ಹಾಕಲೇಬೇಕೆಂದರೆ ಸ್ಕ್ಯಾನ್ ಮಾಡಿಸಿದ ಪ್ರತಿಯನ್ನು ಹಾಕಿ, ಮೂಲ ಫೋಟೊವನ್ನು ಒಣಗಿದ, ಕತ್ತಲಿನ ಕಪಾಟಿನಲ್ಲಿಡಿ.