ತಲೆ ಎಣಿಸಿದರೆ ಪ್ರಾತಿನಿಧ್ಯವಾಗದು

ಮಾನ್ಯರೇ, ಕೊಡಗಿನ ವಿರಾಜಪೇಟೆಯ ಸುತ್ತ ನಡೆಯುವ ಸಾಂಕ್ರಾಮಿಕ ರೋಗದ ನಿಮ್ಮ ಚಿತ್ರಕಥೆಯಲ್ಲಿ ಕೊಡವ, ಅರೆಭಾಷೆ ಗೌಡ, ಬುಡಕಟ್ಟಿನ ಯರವ – ಈ ಪಾತ್ರಗಳೆಲ್ಲ ಇದ್ದರೆ ಸಾಕೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಸಾಲದು. ಮೊದಲು ಸಾಯುವವರು ಯಾರು, ರೋಗದ ಸುಳಿವು ಹಿಡಿಯುವವರು ಯಾರು ಎಂಬುದೇ ಮುಖ್ಯ. 2018ರ ಕೋಯಿಕ್ಕೋಡಿನ ನಿಪಾ ಸೋಂಕನ್ನು ಆಧರಿಸಿದ 2019ರ ಮಲಯಾಳಂ ಚಿತ್ರ ‘ವೈರಸ್’ನಲ್ಲಿ ಮಂತ್ರಿ, ವೈದ್ಯರಷ್ಟೇ ಅಲ್ಲದೆ ನರ್ಸಿಗೂ ಆಸ್ಪತ್ರೆಯ ಗುತ್ತಿಗೆ ನೌಕರನಿಗೂ ತಮ್ಮದೇ ಬದುಕಿದೆ.

ನಿಮ್ಮ ಯರವ ಹೆಂಗಸು ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಜ್ವರ ಬಂದು ಸಾಯುವುದಕ್ಕಷ್ಟೇ ಬರುತ್ತಾಳೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯನ್ನು ನೆನೆಯಿರಿ: ಸತ್ತ ಮಂಗಗಳೇ ಅದರ ಮುನ್ಸೂಚನೆ, ಅವು ಮೊದಲು ಕಣ್ಣಿಗೆ ಬೀಳುವುದು ಸೌದೆಗೆ ಹೋಗುವವರಿಗೆ. ಆ ಸುಳಿವನ್ನು ಅವಳೇ ಕೊಡಲಿ. ‘ಯಾರ ಮನೆಗೆ ಹೋಗಿದ್ದೆ?’ ಎಂದು ವೈದ್ಯರು ಕನ್ನಡದಲ್ಲಿ ಕೇಳಿದಾಗ ಅವಳು ಯರವ ಭಾಷೆಯಲ್ಲಿ ಉತ್ತರಿಸಲಿ, ನಡುವೆ ನಿಂತ ತೋಟದ ಲೆಕ್ಕ ಬರೆಯುವ ರೈಟರು ಅರ್ಧವನ್ನಷ್ಟೇ ಅನುವಾದಿಸಲಿ. ಥ್ರಿಲ್ಲರ್‌ಗೆ ಬೇಕಾದ ಬಿಗುವೂ ಅಲ್ಲಿಯೇ ಹುಟ್ಟುತ್ತದೆ.

ಮತ್ತೊಂದು ಮಾತು: ಸೋಂಕನ್ನು ಅಸ್ಸಾಮಿನ ಕಾರ್ಮಿಕನೇ ತಂದನೆಂಬ ಎಳೆಯನ್ನು ದಯವಿಟ್ಟು ಕೈಬಿಡಿ.