ಶುಲ್ಕ ಏರಿಕೆಗೆ ಕಡಿವಾಣವಿದೆಯೇ?

ಪ್ರಶ್ನೆ: ನನ್ನ ಮಗಳು ಓದುವ ಅನುದಾನರಹಿತ ಶಾಲೆ ಪ್ರತಿ ವರ್ಷವೂ ಶುಲ್ಕ ಹೆಚ್ಚಿಸುತ್ತಿದೆ. ಇದಕ್ಕೆ ಕಾನೂನಿನ ತಡೆ ಇಲ್ಲವೇ?

ಉತ್ತರ: ಅನುದಾನಿತ ಶಾಲೆಗಳ ಶಿಕ್ಷಕರ ವೇತನಕ್ಕೆ ಸರ್ಕಾರದ ನೆರವಿದೆ, ಅನುದಾನರಹಿತ ಶಾಲೆಗಳಾದರೋ ವೇತನ, ಕಟ್ಟಡ, ವಿದ್ಯುತ್ತು ಎಲ್ಲಕ್ಕೂ ಮುಖ್ಯವಾಗಿ ಪೋಷಕರು ಕಟ್ಟುವ ಶುಲ್ಕವನ್ನೇ ನೆಚ್ಚಿಕೊಂಡಿರುತ್ತವೆ. ಹೀಗಾಗಿ ಏರಿಕೆಯೊಂದೇ ಅಕ್ರಮವಾಗುವುದಿಲ್ಲ. ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಇಂಥ ಸಂಸ್ಥೆಗಳು ಶುಲ್ಕವನ್ನು ತಾವೇ ನಿಗದಿಪಡಿಸಬಹುದು, ಬೆಳವಣಿಗೆಗೆ ಬೇಕಾದಷ್ಟು ಹಣ ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು ಎಂದಿತು. ಪೋಷಕರಿಗೆ ಹೆಚ್ಚು ಬಲ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಎಂಬುದು ನನ್ನ ಅಭಿಪ್ರಾಯ: ಪ್ರಕಟಿತ ಶುಲ್ಕದ ಹೊರತಾಗಿ ದೇಣಿಗೆ ವಸೂಲಿ ಮಾಡಿದರೆ ಆ ಮೊತ್ತದ 10 ಪಟ್ಟಿನವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಪ್ರತಿ ಪಾವತಿಗೂ ರಸೀದಿ ಪಡೆಯಿರಿ. ನಿರಾಕರಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಸಲ್ಲಿಸಿ.