ಟ್ರೂ ಆರ್‌ಎಂಎಸ್ ಮೀಟರ್‌ನ ಎಸಿ ರೀಡಿಂಗ್ ಮನ್ಯಾಗೇ ಸರಿ ಮಾಡಬಹುದೇನು?

ಒಂದೇ ಸಾಕೆಟ್ಟಿನಾಗ ಹಳೇ ಮೀಟರ್ 236, ಹೊಸ ಟ್ರೂ ಆರ್‌ಎಂಎಸ್ ಮೀಟರ್ (ವೇವಿನ ಆಕಾರ ಹೆಂಗಿದ್ರೂ ಖರೇ ಪರಿಣಾಮದ ವೋಲ್ಟ್ ಅಳಿಯೋದು) 231 ತೋರಿಸ್ತದ, ಒಳಗಿನ ಪ್ರಿಸೆಟ್ (ರೀಡಿಂಗ್ ಹೊಂದಿಸೋ ಸಣ್ಣ ತಿರುಪು) ತಿರುವಲೇನು ಅಂತ ಕೇಳೀರಿ. ಇಷ್ಟಕ್ಕೇ ತಿರುವಬ್ಯಾಡ್ರಿ. ಲೈನಿನ ವೇವ್ ಪೂರಾ ಸೈನ್ ಇರಂಗಿಲ್ಲ, ಟಿವಿ, ಚಾರ್ಜರ್, ಎಲ್‌ಇಡಿ ಲೋಡಿಗೆ ಅದರ ತಲಿ ಚಪ್ಪಟ ಆಗಿರ್ತದ. ಹಳೇ ಮೀಟರ್ ಸರಾಸರಿ ಅಳದು, ಪೂರಾ ಸೈನಿಗಷ್ಟೇ ಹೊಂದೋ 1.11ರಿಂದ ಗುಣಿಸೋ ಜಾತಿದಿದ್ರ, ಇಂಥ ವೇವಿಗೆ ತುಸು ಹೆಚ್ಚೇ ತೋರಿಸ್ತದ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಚ್ಚಿದ್ರ ಶೇ. 11 ಹೆಚ್ಚು.

ಪರೀಕ್ಷೆಗೆ 230 ವೋಲ್ಟ್ ಮುಟ್ಟೋದೇ ಬ್ಯಾಡ. 0ಯಿಂದ 9 ವೋಲ್ಟಿಗೆ ಸಮ ಅರ್ಧ ಹೊತ್ತು ಹಾರೋ ಸ್ಕ್ವೇರ್ ವೇವಿನ ಎಸಿ ಆರ್‌ಎಂಎಸ್ ಸರಿಯಾಗಿ 4.5 ವೋಲ್ಟ್. ಅಂದ್ರ ಮೀಟರಿನ ಡಿಸಿ ಸರಿ ಇದ್ರ, ಅದರಿಂದಲೇ ಎಸಿ ತಾಳೆ ನೋಡಬಹುದು. 7809ರ (9 ವೋಲ್ಟ್ ರೆಗ್ಯುಲೇಟರ್) ಸಪ್ಲೈ ಮ್ಯಾಲೆ 555 ಟೈಮರ್ ಐಸಿ ಕೂಡಿಸ್ರಿ: 10ಕೆ, 68ಕೆ, 0.1 ಮೈಕ್ರೋಫ್ಯಾರಡ್, ಸುಮಾರು 100 ಹರ್ಟ್ಜ್ ಬರ್ತದ. ಅದನ್ನ ಸಿಡಿ4013ರ (ಹರ್ಟ್ಜ್ ಅರ್ಧ ಮಾಡೋ ಫ್ಲಿಪ್‌ಫ್ಲಾಪ್ ಐಸಿ) 3ನೇ ಪಿನ್ನಿಗೆ ಕೊಡ್ರಿ. 2 ಮತ್ತು 5 ಕೂಡಿಸ್ರಿ. 4, 6, 7, 8, 9, 10, 11 ಗ್ರೌಂಡಿಗೆ, 14 ಸಪ್ಲೈಗೆ. 1ನೇ ಪಿನ್ನಿನಾಗ ಸಮ ಅರ್ಧದ 50 ಹರ್ಟ್ಜ್ ಸಿಗ್ತದ. 555ರ ಔಟ್‌ಪುಟ್ ನೇರ ತಗೊಂಡ್ರ ಈ ಸಮ ಸಿಗಂಗಿಲ್ಲ. ಮೊದಲ 14ನೇ ಪಿನ್ನಿನ ಡಿಸಿ ಬರಕೊಳ್ರಿ. 9.02 ಇದ್ರ 1ನೇ ಪಿನ್ನಿನ ಎಸಿ 4.51 ಬರಬೇಕು, ಸರಾಸರಿ ಮೀಟರಿನಾಗ 5.01.

ಇಲ್ಲೊಂದು ಮೋಸ ಅದ. ಮೀಟರ್ ಎಸಿ ಅಳಿಯೋ ಬ್ಯಾಂಡ್ 1 ಕಿಲೋಹರ್ಟ್ಜ್‌ಗೇ ಮುಗಿದ್ರ, ಸ್ಕ್ವೇರ್ ವೇವಿನಾಗಿರೋ ಮ್ಯಾಲಿನ ಹಾರ್ಮೋನಿಕ್ (50 ಹರ್ಟ್ಜಿನ ಹಲವು ಪಟ್ಟಿನ ಅಲೆ) ಕಳದು ಸುಮಾರು ಶೇ. 1 ಕಮ್ಮಿ ತೋರಿಸ್ತದ. ಅದು ದೋಷ ಅಲ್ಲ, ಅದಕ್ಕ ಪ್ರಿಸೆಟ್ ಮುಟ್ಟಬ್ಯಾಡ್ರಿ. ಲೀಡ್ ಎರಡೂ ಕೂಡಿಸಿದಾಗ 8 ಕೌಂಟ್ (ಕೊನೇ ಅಂಕಿಯ ಹೆಜ್ಜೆ) ಉಳಿದ್ರೂ ಹಂಗೇ ಬಿಡ್ರಿ: ವರ್ಗಗಳು ಕೂಡೋದ್ರಿಂದ 4.510 ಅಂದ್ರ 4510 ಕೌಂಟಿನಾಗ ಅದರ ಪಾಲು 0.01 ಕೌಂಟಿಗಿಂತ ಕಮ್ಮಿ.

ಖರೇನೇ ತಪ್ಪಿದ್ರ, ಪ್ರಮಾಣಪತ್ರ ಇರೋ ಮೀಟರ್ ಜೋಡಿ ಒಂದೇ ಹೊತ್ತಿಗೆ, 50 ಹರ್ಟ್ಜ್ ಸೈನ್ ಜನರೇಟರಿಗೆ ಹಚ್ಚಿ, ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ಲೆ ಎಸಿ ಪ್ರಿಸೆಟ್ ಕೂದಲೆಳಿಯಷ್ಟು ತಿರುವ್ರಿ. ಡಿಸಿ ಮೊದಲ, ಎಸಿ ಆಮ್ಯಾಲೆ. ಯಾಕಂದ್ರ ಭಾಳ ಮೀಟರಿನಾಗ ಎರಡಕ್ಕೂ ಒಂದೇ ಡಿವೈಡರ್ (ವೋಲ್ಟ್ ಇಳಿಸೋ ರೆಸಿಸ್ಟರ್ ಸಾಲು). ಮುಚ್ಚಳ ತೆಗದಾಗ ಲೈನ್ ಬ್ಯಾಡ. ನಿಖರತೆ ಸಾಮಾನ್ಯವಾಗಿ 23 ± 5 ಡಿಗ್ರಿಗೆ ಹೇಳಿರ್ತಾರ, ನಮ್ಮ ಕಲಬುರಗಿ ಬ್ಯಾಸಿಗ್ಯಾಗ 40 ದಾಟ್ತದ. ಎಸಿ ರೂಮಿನಾಗ ಅರ್ಧ ತಾಸು ಮೀಟರ್ ಇಟ್ಟು ಶುರು ಮಾಡ್ರಿ.